ಜೋಡಿ ರೇಕು

ಫೆಬ್ರವರಿ ೯

ವಿಜ್ಞಾನಿಗಳಾದ ನನ್ನ ತಂಗಿಯವರ ಸನ್ನಿಧಿಗೆ,

ತಮ್ಮನ್ನು ಬಹುವಚನದಲ್ಲಿ ಸಂಬೋಧಿಸುತ್ತಿರುವುದು ಇದೇ ಮೊದಲು. ತೊಟ್ಟಿಲು ತೂಗಿದ ಕೈಗೆ ಇದು ಒಗ್ಗದ ಕೆಲಸ. ಆದರೂ ಅಚ್ಚಾದ ಪ್ರಬಂಧದಲ್ಲಿ ತಮ್ಮ ಹೆಸರನ್ನು ಕಂಡ ಮೇಲೆ ಏಕವಚನ ಬರೆಯಲು ಲೇಖನಿ ಏಳಲಿಲ್ಲ.

ನಿನ್ನೆ ಬೆಳಗ್ಗೆ ನಮ್ಮ ಕಾರ್ಯಾಗಾರದ ಮೇಲ್ವಿಚಾರಕರು ನನ್ನನ್ನು ಕೋಣೆಗೆ ಕರೆಸಿದರು. ಕುಳಿತುಕೊಳ್ಳಿ ಎನ್ನಲಿಲ್ಲ. ಮೇಜಿನ ಮೇಲೆ ತಮ್ಮ ಪ್ರಬಂಧವಿತ್ತು. ಏಳನೆಯ ಪುಟದಲ್ಲಿ ಎರಡು ವಾಕ್ಯಗಳ ಕೆಳಗೆ ಕೆಂಪು ಗೆರೆ. ಅವರು ಓದಿ ಅರ್ಥ ಹೇಳಿದರು, ನಾನು ಬರೆದುಕೊಂಡೆ. ತಮಗೆ ಮರೆತಿದ್ದರೆ ನೆನಪಾಗಲಿ: ‘ಅತಿ ಕಡಿಮೆ ಶಕ್ತಿಯ ಕೊನೆಯ ನಾಲ್ಕು ಬಿಂದುಗಳನ್ನು ರೇಕಿನ ಅಸಮ ದಪ್ಪದ ಕಾರಣ ಕೈಬಿಡಲಾಗಿದೆ. ಪ್ರಯೋಗದ ಕೊನೆಯಲ್ಲಿ ರೇಕು ತಾನಾಗಿಯೇ ಹರಿದುಹೋದುದು ಈ ತೀರ್ಮಾನವನ್ನು ಬಲಪಡಿಸುತ್ತದೆ.’

ಆ ರೇಕು ನನ್ನದು. ಮೂವತ್ತಾರು ವರ್ಷಗಳಿಂದ ಗಾಜಿನ ಮೇಲೆ ಲೋಹದ ಆವಿಯನ್ನು ಹಿಡಿದು, ನೀರಿನಲ್ಲಿ ತೇಲಿಸಿ, ಚೌಕಟ್ಟಿಗೆ ಎತ್ತುವುದು ನನ್ನ ಕಸುಬು. ಒಂದು ಕೂದಲನ್ನು ಸಾವಿರ ಪದರಗಳಾಗಿ ಸೀಳಿದರೆ ಒಂದು ಪದರ ಎಷ್ಟು ದಪ್ಪವೋ ನನ್ನ ರೇಕು ಅಷ್ಟು ದಪ್ಪ. ಅದನ್ನು ಎತ್ತುವಾಗ ನಾನು ಉಸಿರನ್ನು ಪಕ್ಕಕ್ಕೆ ಬಿಡುತ್ತೇನೆ. ಇದನ್ನು ತಾವು ಒಂಬತ್ತನೆಯ ವಯಸ್ಸಿನಲ್ಲಿ ನನ್ನ ಮೊಣಕೈ ಹಿಡಿದು ನಿಂತು ನೋಡಿದ್ದೀರಿ. ಅಂದು ಉಸಿರು ಬಿಗಿಹಿಡಿದು ಮುಖ ಕೆಂಪಾದವರು ತಾವೇ.

ಎರಡು ಪ್ರಯೋಗಾಲಯಗಳು ನನ್ನ ರೇಕುಗಳನ್ನು ಪೆಟ್ಟಿಗೆ ತೆರೆಯದೆ ಹಿಂದಿರುಗಿಸಿವೆ. ಮಾರ್ಚ್ ಒಂದರಿಂದ ನಾನು ಆವಿಕೋಣೆಯ ಬೀಗದ ಕೈಯನ್ನು ಒಪ್ಪಿಸಿ, ಉಗ್ರಾಣದಲ್ಲಿ ಕುಳಿತು ತಿರುಪುಮೊಳೆ ಎಣಿಸಿ ಕೊಡಬೇಕಂತೆ. ಮೇಲ್ವಿಚಾರಕರು ಸಮಾಧಾನದ ಮಾತನ್ನೂ ಆಡಿದರು: “ಬೇಜಾರು ಮಾಡ್ಕೋಬೇಡಿ. ವಯಸ್ಸಾಯ್ತಲ್ಲ, ಕೈ ಒಂದೊಂದ್ಸಲ ನಡುಗುತ್ತೆ.” ನನ್ನ ಕೈ ನಡುಗಿದ್ದು ಆ ಮಾತನ್ನು ಕೇಳಿದಾಗಲೇ.

ಒಂದೇ ಒಂದು ಪ್ರಶ್ನೆ. ಅದೇ ರೇಕು, ಅದೇ ಚೌಕಟ್ಟು, ಹನ್ನೊಂದು ದಿನ ನಿಮ್ಮ ಯಂತ್ರದ ಮುಂದೆ ನಿಂತಿತ್ತು. ಮೊದಲ ಏಳು ದಿನ ಎಣಿಕೆ ಸರಿಬಂದಾಗ ಸಮವಾಗಿದ್ದ ದಪ್ಪ, ಎಂಟನೆಯ ದಿನ ಎಣಿಕೆ ತಪ್ಪಿದಾಗ ಅಸಮವಾದದ್ದು ಹೇಗೆ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಾದೆಯಲ್ಲಿ ನೆಲಕ್ಕೆ ಬಾಯಿಲ್ಲ. ನನಗಿದೆ.

ಇಂತು,
ರೇಕಿನ ಕೆಲಸದವನು


ಫೆಬ್ರವರಿ ೨೪

ಅಣ್ಣಾ,

ದಯವಿಟ್ಟು ‘ತಾವು’ ಎನ್ನಬೇಡ. ಬೈಯುವುದಾದರೆ ಏಕವಚನದಲ್ಲೇ ಬೈ.

ಆ ವಾಕ್ಯಗಳನ್ನು ನಾನು ಬರೆದದ್ದಲ್ಲ. ಐದು ಜನ ಸಹಿ ಹಾಕಿದ ಪ್ರಬಂಧವದು. ಬರೆದವರು ನಮ್ಮ ವಿಭಾಗದ ಮುಖ್ಯಸ್ಥರು. ನಿನಗೆ ಅವರ ವಿಷಯ ಗೊತ್ತಿದೆ, ವಿದ್ಯಾರ್ಥಿಗಳು ‘ಗೆರೆಮಾಸ್ತರು’ ಎಂದು ಅಡ್ಡಹೆಸರಿಟ್ಟಿರುವವರು. ನಿನ್ನ ಪ್ರಶ್ನೆಗೆ ಉತ್ತರವಿದೆ. ಸಾವಧಾನದಿಂದ ಓದು.

ನಾವು ಒಂದು ನಿಕ್ಕಲ್ ಬೀಜವನ್ನು ವೇಗದಿಂದ ಎಸೆದು, ನಿನ್ನ ರೇಕಿನಲ್ಲಿರುವ ಇನ್ನೊಂದು ನಿಕ್ಕಲ್ ಬೀಜದೊಡನೆ ಬೆಸೆಯಲು ನೋಡುತ್ತೇವೆ. ಬೀಜವೆಂದರೆ ಪರಮಾಣುವಿನ ನಡುವಿನ ತಿರುಳು. ಎರಡರಲ್ಲೂ ಒಂದೇ ಬಗೆಯ ವಿದ್ಯುತ್ತು ಇರುವುದರಿಂದ ಅವು ಒಂದನ್ನೊಂದು ದೂಡುತ್ತವೆ. ಹತ್ತಿರ ಬಂದಷ್ಟೂ ಬಲವಾಗಿ ದೂಡುತ್ತವೆ. ತೀರ ಮುಟ್ಟುವಷ್ಟು ಸಮೀಪಿಸಿದರೆ ಮಾತ್ರ ಬೇರೊಂದು ಬಲ ಎರಡನ್ನೂ ಎಳೆದು ಒಂದಾಗಿಸುತ್ತದೆ. ದೂಡುವ ಬಲ ಸೋತು ಎಳೆಯುವ ಬಲ ಗೆಲ್ಲುವ ಎಡೆಯಲ್ಲಿ ಒಂದು ದಿಬ್ಬವಿದೆ ಎಂದುಕೋ. ಅದನ್ನೇ ಶಕ್ತಿಯ ತಡೆ ಎನ್ನುತ್ತೇವೆ.

ದಿಬ್ಬದ ನೆತ್ತಿಗಿಂತ ಹೆಚ್ಚು ಶಕ್ತಿಯಿಂದ ಎಸೆದರೆ ಬೀಜಗಳು ಧಾರಾಳವಾಗಿ ಬೆಸೆಯುತ್ತವೆ. ಕಡಿಮೆ ಶಕ್ತಿಯಿಂದ ಎಸೆದರೂ ಕೆಲವೇ ಕೆಲವು ದಿಬ್ಬ ಹತ್ತದೆ ಒಳಗಿನಿಂದ ನುಸುಳುತ್ತವೆ. ಎಷ್ಟು ಶಕ್ತಿಗೆ ಎಷ್ಟು ನುಸುಳಬೇಕು ಎಂದು ಲೆಕ್ಕ ಹಾಕಿ ಮಾಸ್ತರು ಇಪ್ಪತ್ತು ವರ್ಷಗಳ ಹಿಂದೆ ಒಂದು ಗೆರೆ ಎಳೆದಿದ್ದಾರೆ. ದಿನಕ್ಕೊಂದರಂತೆ ಶಕ್ತಿಯನ್ನು ಇಳಿಸುತ್ತ ಹೋದಾಗ, ಬೆಸೆದ ಬೀಜಗಳ ನಮ್ಮ ಎಣಿಕೆ ಮೊದಲು ಆ ಗೆರೆಯ ಕೈ ಹಿಡಿದುಕೊಂಡೇ ಇಳಿಯಿತು. ಕೊನೆಯ ನಾಲ್ಕು ಕಡೆ, ಅಂದರೆ ಆ ನಾಲ್ಕು ಬಿಂದುಗಳಲ್ಲಿ, ಕೈ ಬಿಟ್ಟು ಪಾತಾಳಕ್ಕೆ ಹೋಯಿತು. ನೂರು ಸಿಗಬೇಕಾದಲ್ಲಿ ಎಂಟು ಸಿಕ್ಕವು.

ಈಗ ರೇಕಿನ ಮಾತು. ರೇಕು ದಪ್ಪವಿರುವ ಕಡೆ ಎಸೆದ ಬೀಜ ಸ್ವಲ್ಪ ಹೆಚ್ಚು ಶಕ್ತಿ ಕಳೆದುಕೊಳ್ಳುತ್ತದೆ. ನೆತ್ತಿಯ ಮೇಲಿದ್ದಾಗ ಆ ನಷ್ಟ ಗೊತ್ತಾಗುವುದಿಲ್ಲ. ಬುಡದಲ್ಲಿ ಮಾತ್ರ ಎಣಿಕೆ ಎಷ್ಟು ಕಡಿದಾಗಿ ಇಳಿಯುತ್ತದೆಂದರೆ, ಶಕ್ತಿ ಚೂರು ಜಾರಿದರೂ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಆದ್ದರಿಂದ ಅಸಮವಾದ ರೇಕು ಏಳು ದಿನ ಒಳ್ಳೆಯದಾಗಿ ತೋರಿ ಎಂಟನೆಯ ದಿನ ತಪ್ಪು ತೋರುವುದು ಸಾಧ್ಯ. ಅಳೆದು ನೋಡೋಣವೆಂದರೆ ರೇಕು ಹರಿದಿತ್ತು.

ನಿನ್ನ ಕೈಯ ಮೇಲೆ ನನಗೆ ಅನುಮಾನವಿದೆ ಎಂದು ತಿಳಿಯಬೇಡ. ಅತ್ತಿಗೆಗೆ ನಮಸ್ಕಾರ ತಿಳಿಸು.

ನಿನ್ನ ಮುನಿಸಿಗೆ ಹೆದರುವ
ತಂಗಿ


ಮಾರ್ಚ್ ೫

ತಂಗಿಯವರಿಗೆ,

ದಿಬ್ಬದ ಪಾಠ ಚೆನ್ನಾಗಿದೆ. ನನ್ನ ಪ್ರಶ್ನೆಗೆ ಉತ್ತರ ಬಂತು, ಒಪ್ಪಿಕೊಂಡೆ, ತಿಳಿಯದೆ ಕೇಳಿದ್ದೆ. ಆದರೆ ತಮ್ಮ ಕಾಗದದ ಕೊನೆಯ ಭಾಗ ಅಡ್ಡಗೋಡೆಯ ಮೇಲೆ ದೀಪವಿಟ್ಟಂತಿದೆ. ‘ಅಳೆದು ನೋಡೋಣವೆಂದರೆ ರೇಕು ಹರಿದಿತ್ತು.’ ಒಂದು ಪುಟ ತುಂಬ ಬೀಜಗಳ ಚರಿತ್ರೆ ಬರೆದವರು, ಹರಿದುದರ ಬಗ್ಗೆ ನಾಲ್ಕು ಪದ ಬರೆದು ಮುಂದೆ ಹೋಗಿದ್ದೀರಿ.

ನನಗೆ ಬೀಜಗಳ ವಿಷಯ ತಿಳಿಯದು; ರೇಕು ಹರಿಯುವ ವಿಷಯ ತಿಳಿಯುತ್ತದೆ. ಕೆಟ್ಟ ರೇಕು ಕಿರಣ ತಾಗಿದ ಮೊದಲ ಗಳಿಗೆಯಲ್ಲೇ ಹರಿಯುತ್ತದೆ. ಹನ್ನೊಂದು ದಿನ ಏಟು ತಿಂದು ನಿಂತ ರೇಕು, ಕಿರಣ ನಿಂತ ಮೇಲೆ, ನಿರ್ವಾತದಲ್ಲಿ, ಯಾರೂ ಮುಟ್ಟದೆ ಹರಿಯುವುದಿಲ್ಲ. ಅದು ಹರಿಯಬೇಕಾದರೆ ಗಾಳಿ ಮೇಲೆ ಬೀಳಬೇಕು. ರೇಕು ನಿಂತಿರುವ ನಿರ್ವಾತದ ಕೋಶವನ್ನು ತೆರೆಯುವ ಮೊದಲು ಅದರ ಗಾಳಿಯ ಕವಾಟವನ್ನು ಸೂಜಿಮೊನೆಯಷ್ಟು ಸಡಿಲಿಸಿ ಗಾಳಿಯನ್ನು ಒಳಗೆ ಬಿಡಬೇಕು. ಅರ್ಧ ಗಂಟೆಯ ಕೆಲಸ. ನಾನು ಕಳುಹಿಸುವ ಪ್ರತಿಯೊಂದು ಪೆಟ್ಟಿಗೆಯ ಮುಚ್ಚಳದ ಮೇಲೂ ‘ಅರ್ಧ ಗಂಟೆ’ ಎಂದು ಕೆಂಪು ಶಾಯಿಯಲ್ಲಿ ಬರೆದಿರುತ್ತೇನೆ.

ಕವಾಟವನ್ನು ತೆರೆದವರು ಯಾರು?

ಹರಿದ ರೇಕಿನ ಮೇಲೆ, ಸತ್ತವರ ಮೇಲೆ ಹೊರಿಸಿದಂತೆ, ಏನು ಹೊರಿಸಿದರೂ ಎದ್ದು ಬಂದು ಕೇಳುವವರಿಲ್ಲ ಎಂದು ನಿಮ್ಮ ಗೆರೆಮಾಸ್ತರು ತಿಳಿದಿದ್ದಾರೆ. ಅವರು ತಿಳಿಯದ ಒಂದು ಸಂಗತಿಯಿದೆ. ನನಗೆ ಕೆಲಸ ಕಲಿಸಿದ ಹಿರಿಯರ ಕಟ್ಟಳೆಯದು: ಒಂದು ಗಾಜಿನ ಮೇಲೆ ಹಿಡಿದ ಪದರವನ್ನು ನಡುವೆ ಗೀರಿ ಎರಡು ಮಾಡಬೇಕು. ಒಂದನ್ನು ಕೇಳಿದವರಿಗೆ ಕಳುಹಿಸಬೇಕು. ಅದರ ಜೋಡಿಯನ್ನು ತಾರೀಖು ಬರೆದು, ಪ್ರಬಂಧ ಅಚ್ಚಾಗುವ ತನಕ ಇಟ್ಟುಕೊಳ್ಳಬೇಕು. ಇಟ್ಟುಕೊಂಡಿರುವುದನ್ನು ಕೇಳಿದವರಿಗೆ ಹೇಳಬಾರದು, ಏಕೆಂದರೆ ಇನ್ನೊಂದಿದೆ ಎಂದು ತಿಳಿದವನ ಕೈ ಸಡಿಲವಾಗುತ್ತದೆ. ಅಚ್ಚಾದ ಮೇಲೆ ಜೋಡಿಯನ್ನು ಕರಗಿಸಬೇಕು. ಒಂದೇ ತೂಕದ ಪರಮಾಣುಗಳನ್ನು ಆರಿಸಿ ತೆಗೆದ ಆ ನಿಕ್ಕಲ್ ಸುಲಭವಾಗಿ ಸಿಗುವಂಥದಲ್ಲ.

ಪ್ರಬಂಧ ಅಚ್ಚಾದ ಸುದ್ದಿ ಬಂದ ಡಿಸೆಂಬರಿನಲ್ಲೇ ಕಟ್ಟಳೆಯಂತೆ ಅದನ್ನು ಕರಗಿಸಬೇಕಿತ್ತು. ಕರಗಿಸಲಿಲ್ಲ. ನನ್ನ ತಂಗಿ ತನ್ನ ಸ್ವಂತ ಪ್ರಯೋಗಕ್ಕೆಂದು ನನ್ನಿಂದ ಕೇಳಿ ಪಡೆದ ಮೊದಲ ರೇಕಿನ ಜೋಡಿ ಎಂದು ತಂದು ಮನೆಯ ಕಪಾಟಿನಲ್ಲಿ ಇಟ್ಟುಕೊಂಡೆ. ಮೂವತ್ತಾರು ವರ್ಷಗಳಲ್ಲಿ ನಾನು ನಿಯಮ ಮುರಿದದ್ದು ಅದೊಂದು ಸಲ. ಯಾರಿಗಾಗಿ ಮುರಿದೆ ಎಂದು ಈಗ ಯೋಚಿಸುತ್ತಿದ್ದೇನೆ.

ಉತ್ತರ ಬರಲಿ. ಒಂದೇ ಸಾಲು ಸಾಕು.

ಇಂತು,
ಉಗ್ರಾಣದ ತಿರುಪುಮೊಳೆಯವನು


ಏಪ್ರಿಲ್ ೩

ನೋಡಮ್ಮಾ,

ನಾನು ನಿನ್ನ ಅತ್ತಿಗೆ. ಕಾಗದ ಬರೆಯೋದು ನನ್ನ ಕೆಲಸ ಅಲ್ಲ, ಆದ್ರೂ ಬರೀತಿದ್ದೀನಿ. ಒಂದು ತಿಂಗಳಾಯ್ತು, ನಿನ್ನ ಸುದ್ದಿಯಿಲ್ಲ. ಅಂಚೆಯವನು ಬೀದಿ ತಿರುಗಿದ್ರೆ ಸಾಕು, ನಿಮ್ಮಣ್ಣ ಕನ್ನಡಕ ಒರೆಸ್ಕೊಂಡು ಬಾಗಿಲಲ್ಲಿ ನಿಲ್ತಾರೆ. ಕೈ ಬೀಸಿ ಅವನು ಮುಂದೆ ಹೋಗ್ತಾನೆ. ಇವರು ಒಳಗೆ ಬಂದು ಕಪಾಟು ತೆಗೆದು ಆ ಪೆಟ್ಟಿಗೆ ನೋಡಿ, ಮುಚ್ಚಿ, ಉಗ್ರಾಣಕ್ಕೆ ಹೊರಡ್ತಾರೆ.

ಮದುವೆಯಾದ ಹೊಸದರಲ್ಲಿ ನಾನು ಹೇಳಿದ್ದೆ, ಆ ರೇಕನ್ನ ನೋಡೋ ಹಾಗೆ ನನ್ನ ಒಂದು ಸಲ ನೋಡಿ ಅಂತ. “ನೀನು ಗಾಳಿಗೆ ಹರಿಯೋದಿಲ್ಲವಲ್ಲ” ಅಂದಿದ್ರು. ಈಗ ಅಂಥ ಮಾತೂ ಇಲ್ಲ. ಊಟಕ್ಕೆ ಕೂತಾಗ ತಟ್ಟೆ ಪಕ್ಕ ತಿರುಪುಮೊಳೆ ಸಾಲಾಗಿ ಜೋಡಿಸ್ತಾರೆ. ಎಲ್ಲ ಒಂದೇ ಅಳತೆ ಅಂತ ಬರ್ತವಂತೆ, ಒಂದೂ ಒಂದರ ಹಾಗಿಲ್ಲವಂತೆ.

ನಿಮ್ಮಿಬ್ಬರ ಬೀಜ, ದಿಬ್ಬ ನನಗೆ ಅರ್ಥವಾಗೋದಿಲ್ಲ. ಏನೋ ಮುಚ್ಚಿಟ್ಟಿದ್ದೀಯ ಅನ್ನೋದು ಅರ್ಥವಾಗುತ್ತೆ. ಹುಡುಗಿಯಾಗಿದ್ದಾಗಲೂ ನೀನು ಲೋಟ ಒಡೆದ ದಿನ ಮಾತಾಡ್ತಿರಲಿಲ್ಲ.

ನಾನು ಬರೆದಿದ್ದು ಅವರಿಗೆ ಹೇಳಬೇಡ.

ಅತ್ತಿಗೆ


ಏಪ್ರಿಲ್ ೧೯

ಅಣ್ಣಾ,

ಕವಾಟವನ್ನು ತೆರೆದವಳು ನಾನು.

ಹನ್ನೊಂದನೆಯ ದಿನದ ಮಧ್ಯಾಹ್ನ. ನಮ್ಮ ಸರದಿ ಮುಗಿದಿತ್ತು. ಮುಂದಿನ ತಂಡದವರು ತಮ್ಮ ಪೆಟ್ಟಿಗೆಗಳನ್ನು ಬಾಗಿಲಲ್ಲಿ ಸಾಲಾಗಿ ಇಟ್ಟುಕೊಂಡು ಗಡಿಯಾರ ನೋಡುತ್ತಿದ್ದರು. ಮಾಸ್ತರು ಹಿಂದೆ ನಿಂತು, “ಬೇಗ ಮುಗಿಸಮ್ಮ, ಅದೇನು ಪೂಜೆಯೇ?” ಎಂದರು. ನಾನು ನಾಲ್ಕು ದಿನಗಳಿಂದ ಆ ಪಾತಾಳಕ್ಕಿಳಿದ ಎಣಿಕೆಯನ್ನೇ ನೋಡುತ್ತಿದ್ದೆ. ತಲೆಯಲ್ಲಿ ಬೇರೇನೂ ಇರಲಿಲ್ಲ. ಅರ್ಧ ಗಂಟೆಯ ಕೆಲಸವನ್ನು ಎರಡು ನಿಮಿಷದಲ್ಲಿ ಮಾಡಿದೆ. ಸದ್ದೇನೂ ಆಗಲಿಲ್ಲ. ಕೋಶದ ಮುಚ್ಚಳ ತೆಗೆದಾಗ ಚೌಕಟ್ಟು ಬರಿದಾಗಿತ್ತು. ಅಂಚಿನಲ್ಲಿ ಕಪ್ಪು ಚೂರುಗಳು ಅಂಟಿದ್ದವು. ಪೆಟ್ಟಿಗೆಯ ಮುಚ್ಚಳ ಪಕ್ಕದಲ್ಲೇ ಇತ್ತು, ನಿನ್ನ ಕೆಂಪು ಅಕ್ಷರ ಮೇಲ್ಮುಖವಾಗಿ.

“ರೇಕು ಹರಿದಿದೆ” ಎಂದೆ. ಯಾರು ಹರಿದರು ಎಂದು ಮಾಸ್ತರು ಕೇಳಲಿಲ್ಲ. ಅವರ ಮುಖದಲ್ಲಿ ಸಮಾಧಾನ ಕಂಡಿತು. “ಹಾಗಾದ್ರೆ ರೇಕೇ ಸರಿ ಇರ್ಲಿಲ್ಲ ಬಿಡು. ನಾನು ಅಂದ್ಕೊಂಡೆ” ಎಂದರು. ಆಗ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಪ್ರಬಂಧದ ಕರಡು ಬಂದಾಗ ‘ತಾನಾಗಿಯೇ’ ಎಂಬ ಪದದ ಮೇಲೆ ಬಹಳ ಹೊತ್ತು ಕಣ್ಣಿಟ್ಟು ಕುಳಿತಿದ್ದೆ. ಆಮೇಲೆ ಸಹಿ ಹಾಕಿದೆ. ನೀನು ಪ್ರಬಂಧಗಳನ್ನು ಓದುವುದಿಲ್ಲ, ನಿನ್ನ ತನಕ ಅದು ತಲುಪಲಾರದು ಎಂದುಕೊಂಡಿದ್ದೆ. ಇದಕ್ಕಿಂತ ಕೀಳಾದದ್ದನ್ನು ನಾನು ಎಂದೂ ಯೋಚಿಸಿಲ್ಲ.

ಇನ್ನೊಂದು ಮಾತು ಹೇಳಬೇಕು. ಆ ನಾಲ್ಕು ಬಿಂದುಗಳು ನಿಜ ಎಂದು ನನಗೆ ಅಂದೂ ಅನ್ನಿಸಿತ್ತು. ಬೀಜಗಳು ಒಂದಕ್ಕೊಂದು ತಾಗಿದ ಮೇಲೂ, ಒಂದಾಗುವ ಮೊದಲು ಅವನ್ನು ತಡೆಯುವ ಏನೋ ಒಂದು ಇದೆ. ಮಾಸ್ತರ ಗೆರೆಗೆ ಅದು ಗೊತ್ತಿಲ್ಲ. ರೇಕನ್ನು ಹರಿದದ್ದರಿಂದ ನಿನ್ನ ಹೆಸರು ಕೆಟ್ಟಿತು, ನಾನು ಕಂಡದ್ದೂ ಸುಳ್ಳಾಯಿತು.

ಜೋಡಿ ಇನ್ನೂ ಇದ್ದರೆ ನನಗೆ ಕೊಡುವೆಯಾ? ಕೇಳುವ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ತಪ್ಪಿತಸ್ಥಳು


ಏಪ್ರಿಲ್ ೨೮

ತಂಗಿಗೆ,

ಕಾಗದ ಬಂತು. ಕೈತಪ್ಪಿ ರೇಕು ಹರಿಯುವುದು ಲೋಕದಲ್ಲಿ ಇರುವುದೇ. ನಾನೂ ಹರಿದಿದ್ದೇನೆ, ಮೊದಲ ವರ್ಷ ಇಪ್ಪತ್ತಾರು. ಹರಿದುದಕ್ಕೆ ನನಗೆ ಸಿಟ್ಟಿಲ್ಲ. ಹರಿದ ಕೈಯಿಂದಲೇ ಸಹಿ ಹಾಕಿದೆಯಲ್ಲ, ಅದಕ್ಕೆ ಸಿಟ್ಟು. ಅದು ಇಳಿದಿಲ್ಲ, ಇಳಿಯುತ್ತದೆಂದು ಭರವಸೆ ಕೊಡಲಾರೆ.

ಜೋಡಿಯನ್ನು ಅಂಚೆಯಲ್ಲಿ ಕಳುಹಿಸಲಾಗದು. ನಾನೇ ತರುತ್ತೇನೆ. ಮೇ ಹನ್ನೆರಡರಂದು ಬೆಳಗ್ಗೆ ಹತ್ತಕ್ಕೆ ನಿಮ್ಮ ಹೆಬ್ಬಾಗಿಲಿನಲ್ಲಿರುತ್ತೇನೆ. ಒಂಬತ್ತು ಕಡೆ ಅಳೆಯಬೇಕು; ಒಂದು ಕಡೆ ಅಳೆದು ಸರಾಸರಿ ಎನ್ನುವವರು ನನಗೆ ಬೇಡ. ಬಂದ ಅಂಕಿಯನ್ನು ಬರಹದಲ್ಲಿ ಕೊಡಬೇಕು. ಅಸಮವೆಂದು ಬಂದರೆ ಅದನ್ನೂ ಬರೆದೇ ಕೊಡು; ಬೀಗದ ಕೈಯನ್ನು ಮತ್ತೆ ಕೇಳುವುದಿಲ್ಲ. ಆಮೇಲೆ ಯಂತ್ರದ ಮುಂದೆ ಇಡುವುದಾದರೆ ಇಡು. ಸವೆದುಹೋಗುತ್ತದೆಂದು ಬಲ್ಲೆ. ಸಾಕ್ಷಿ ಹೇಳಲಿಕ್ಕೆಂದೇ ಇಟ್ಟದ್ದು, ಹೇಳಲಿ.

ನಿನ್ನ ಮನೆಗೆ ಬರುವುದಿಲ್ಲ. ಅಂದೇ ಹಿಂದಿರುಗುತ್ತೇನೆ.

ಅಣ್ಣ


ಜೂನ್ ೩೦

ಅಣ್ಣಾ,

ಅಂದು ಹೆಬ್ಬಾಗಿಲಿನಲ್ಲಿ ನೀನು ನನ್ನೊಡನೆ ಆರು ಮಾತು ಆಡಿದೆ. ನೀನು ಹೋದ ಮೇಲೆ ಕಾವಲುಗಾರ ಮಿಕ್ಕದ್ದನ್ನು ಹೇಳಿದ. ಒಂಬತ್ತಕ್ಕೇ ಬಂದು ಪೆಟ್ಟಿಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತಿದ್ದೆಯಂತೆ. ನೀರು ಕೊಟ್ಟರೆ, ಕೈ ಖಾಲಿಯಿಲ್ಲ ಎಂದೆಯಂತೆ. ಪೆಟ್ಟಿಗೆಯಲ್ಲಿ ಏನಿದೆ, ಪುಸ್ತಕದಲ್ಲಿ ಬರೆಯಬೇಕು ಎಂದು ಅವನು ಕೇಳಿದ್ದಕ್ಕೆ, “ಏನೂ ಇಲ್ಲ ಅಂತ ಬರ್ಕೊಳ್ಳಿ. ಇದ್ರೂ ನಿಮ್ಮ ಕಣ್ಣಿಗೆ ಕಾಣೋದಿಲ್ಲ” ಎಂದೆಯಂತೆ. ಅವನು ಹಾಗೆಯೇ ಬರೆದುಕೊಂಡಿದ್ದಾನೆ.

ಅಳತೆ ಬಂದಿದೆ, ಹಾಳೆ ಜೊತೆಗಿದೆ. ನಿನ್ನ ಚೀಟಿಯಲ್ಲಿ ದಪ್ಪ ಐವತ್ತು ನ್ಯಾನೋಮೀಟರ್ ಎಂದಿತ್ತು. ನಮಗೆ ಐವತ್ತೊಂದು ಬಂತು. ಒಂಬತ್ತು ಕಡೆಯೂ ಐವತ್ತೊಂದೇ.

ಹಾಳೆಯನ್ನು ಮಾಸ್ತರ ಮುಂದಿಟ್ಟೆ. “ಇದು ಅದರ ತಮ್ಮ ಕಣಮ್ಮ, ಅದೇ ಅಲ್ಲವಲ್ಲ” ಎಂದರು. ಹಾಗಾದರೆ ತಮ್ಮನನ್ನೇ ಕೇಳೋಣ ಎಂದು ಪಟ್ಟು ಹಿಡಿದು ಆರು ದಿನದ ಸರದಿ ಪಡೆದೆ. ನಾಲ್ಕು ಶಕ್ತಿಗಳಲ್ಲೂ ಮತ್ತೆ ಎಣಿಸಿದೆವು. ಗೆರೆ ನೂರು ಎಂದಲ್ಲಿ ಒಂಬತ್ತು ಬಂದವು. ಹೋದ ಸಲ ಎಂಟು. ಬಿಂದುಗಳು ಹಳೆಯ ಜಾಗಕ್ಕೇ ಹೋಗಿ ಕುಳಿತವು. ಕೊನೆಗೆ ಕವಾಟವನ್ನು ನಾನೇ ತೆರೆದೆ. ಹಿಂದೆ ನಿಂತು ಅವಸರ ಮಾಡಿದವರನ್ನು ತಿರುಗಿ ನೋಡಲಿಲ್ಲ. ನಿನ್ನ ಜೋಡಿ ಕಪ್ಪಿಟ್ಟಿದೆ, ಆದರೆ ಹರಿದಿಲ್ಲ.

ಇನ್ನು ಕೇಳು. ಮಾಸ್ತರು ಈಗ ಇದನ್ನು ತಮ್ಮ ಶೋಧ ಎನ್ನುತ್ತಿದ್ದಾರೆ. ಗೆರೆಯನ್ನು ಬಾಗಿಸಿ ಹೊಸ ಪ್ರಬಂಧ ಸಿದ್ಧಮಾಡಿದ್ದಾರೆ. ಹಳೆಯ ಎರಡು ವಾಕ್ಯಗಳ ಸೊಲ್ಲೇ ಇಲ್ಲ. ಕೇಳಿದ್ದಕ್ಕೆ, “ಹಳೇದನ್ನ ಯಾಕೆ ಕೆದಕ್ತೀಯ? ಅವನ್ಯಾರೋ ತಗಡಿನವನು, ಅವನಿಗೇನು ಗೊತ್ತಾಗುತ್ತೆ?” ಎಂದರು.

ಅವನು ನನ್ನಣ್ಣ ಎಂದೆ. ಕೋಣೆಯಲ್ಲಿ ಐದು ಜನರಿದ್ದರು. ಆರು ವರ್ಷ ಅವರ ಜೊತೆ ಕೆಲಸ ಮಾಡಿದ್ದೇನೆ. ಒಬ್ಬರಿಗೂ ಇದು ಗೊತ್ತಿರಲಿಲ್ಲ. ನಾನು ಹೇಳಿಕೊಂಡಿರಲಿಲ್ಲ, ಅಣ್ಣಾ. ಅದನ್ನೂ ನಿನಗೆ ಇಂದೇ ಹೇಳಿಬಿಡುತ್ತೇನೆ.

ಪತ್ರಿಕೆಗೆ ನಾನೊಬ್ಬಳೇ ತಿದ್ದುಪಡಿ ಕಳುಹಿಸಿದೆ: ರೇಕು ಸಮವಾಗಿತ್ತು, ಅದು ತಾನಾಗಿ ಹರಿಯಲಿಲ್ಲ, ಕವಾಟವನ್ನು ಅವಸರದಿಂದ ತೆರೆದು ನಾನು ಹರಿದೆ, ಕೈಬಿಟ್ಟ ಬಿಂದುಗಳು ನಿಜ. ಮುಂದಿನ ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಅದರ ಒಂದು ಪ್ರತಿಯನ್ನು ನಿಮ್ಮ ಮೇಲ್ವಿಚಾರಕರಿಗೂ ಕಳುಹಿಸಿದ್ದೇನೆ. ಮಾಸ್ತರು ಹೊಸ ಪ್ರಬಂಧದಿಂದ ನನ್ನ ಹೆಸರನ್ನು ತೆಗೆದಿದ್ದಾರೆ. ಮುಂದಿನ ಪ್ರಯೋಗದ ಪಟ್ಟಿಯಲ್ಲೂ ನಾನಿಲ್ಲ. ಇಷ್ಟು ಸಿಟ್ಟು ನನಗೆ ಜೀವಮಾನದಲ್ಲಿ ಬಂದಿರಲಿಲ್ಲ. ನಿನ್ನ ಫೆಬ್ರವರಿಯ ಕಾಗದವನ್ನು ಮತ್ತೆ ತೆಗೆದು ಓದಿದೆ. ಈಗ ಅದು ಸೌಮ್ಯವಾಗಿ ಕಂಡಿತು.

ಎಂದಿಗೂ ನಿನ್ನ
ತಂಗಿ


ಜುಲೈ ೨೧

ಕೂಸೇ,

ಮೊದಲು ಅಳತೆಯ ಮಾತು. ಐವತ್ತೊಂದಲ್ಲ, ಐವತ್ತು. ಆ ಒಂದು ನಿಮ್ಮ ಅಳತೆಯ ಯಂತ್ರದ ತಪ್ಪು, ಪರೀಕ್ಷಿಸಿ ನೋಡಿ.

ತಿದ್ದುಪಡಿ ಅಚ್ಚಾಗಿ ಬಂತು. ಮೇಲ್ವಿಚಾರಕರು ಕರೆಸಿ, ಈ ಸಲ ಕುರ್ಚಿ ತೋರಿಸಿ, ಬೀಗದ ಕೈಯನ್ನು ಮೇಜಿನ ಮೇಲೆ ಮೆಲ್ಲಗೆ ತಳ್ಳಿದರು. “ಆಗಿದ್ದು ಆಯ್ತು, ಕೆಲಸ ಶುರು ಮಾಡಿ” ಎಂದರು. ಆಗಿದ್ದು ತಾನಾಗಿ ಆಗಲಿಲ್ಲ, ನೀವು ಮಾಡಿದ್ದು ಎಂದೆ. ನನ್ನನ್ನು ಉಗ್ರಾಣಕ್ಕೆ ಕಳುಹಿಸಿದ ಆಜ್ಞೆ ಯಾವ ಹಲಗೆಯ ಮೇಲೆ ಅಂಟಿತ್ತೋ ಅದೇ ಹಲಗೆಯ ಮೇಲೆ, ಅದೇ ಅಳತೆಯ ಕಾಗದದಲ್ಲಿ, ಅದನ್ನು ಹಿಂದೆಗೆದ ಮಾತೂ ಅಂಟಬೇಕು ಎಂದು ನಿಂತೇ ಇದ್ದೆ. ಎರಡು ದಿನದ ಮೇಲೆ ಅಂಟಿಸಿದರು. ಬೀಗದ ಕೈಯನ್ನು ಆಮೇಲೆ ತೆಗೆದುಕೊಂಡೆ.

ಅಣ್ಣನೆಂದು ಹೇಳಿಕೊಳ್ಳದೆ ಇದ್ದ ಆರು ವರ್ಷಗಳ ವಿಷಯ ಓದಿದೆ. ನಿನ್ನ ಅತ್ತಿಗೆಗೆ ಓದಿ ಹೇಳುವಾಗ ಆ ಸಾಲನ್ನು ಬಿಟ್ಟೆ. ಅದರ ಬಗ್ಗೆ ಎದುರು ಕುಳಿತು ಮಾತನಾಡೋಣ. ಕಾಗದಕ್ಕೆ ಅದು ಭಾರ.

ಬೀಗದ ಕೈ ಸಿಕ್ಕ ಮರುದಿನವೇ ನಿಮ್ಮ ಗೆರೆಮಾಸ್ತರ ಕೋರಿಕೆ ಬಂತು. ತಮ್ಮ ಶೋಧವನ್ನು ಮುಂದುವರಿಸಲು ಅದೇ ದಪ್ಪದ ಹನ್ನೆರಡು ರೇಕುಗಳು ಬೇಕಂತೆ. ‘ಮಾನ್ಯರೇ’ ಎಂದು ಆರಂಭಿಸಿದ್ದಾರೆ. ಅಂಥ ನಿಕ್ಕಲನ್ನು ಅಷ್ಟು ಸಮವಾಗಿ ಎತ್ತಿಕೊಡುವವರು ಬೇರೆಲ್ಲೂ ಸಿಗಲಿಲ್ಲವೆಂದು ತೋರುತ್ತದೆ. ನನ್ನ ಮೈಯೆಲ್ಲ ಉರಿಯಿತು. ಕಾಗದವನ್ನು ಹರಿಯಲು ಕೈ ಎತ್ತಿದವನು ಇಳಿಸಿದೆ. ಬಂದ ಕೋರಿಕೆಯನ್ನು ಹರಿಯುವುದು ನನ್ನ ಕಸುಬಿಗೆ ಒಪ್ಪುವ ನಡತೆಯಲ್ಲ.

ಹನ್ನೆರಡನ್ನೂ ಮಾಡಿದೆ. ಕೈ ನಡುಗಲಿಲ್ಲ. ಹನ್ನೆರಡು ಜೋಡಿಗಳನ್ನೂ ತೆಗೆದಿಟ್ಟಿದ್ದೇನೆ. ಆದರೆ ಇನ್ನು ಮುಂದೆ ನನ್ನ ರೇಕು ಬೇಕಾದವರು ತುಂಬಬೇಕಾದ ನಮೂನೆಯಲ್ಲಿ ಒಂದು ಸಾಲು ಹೆಚ್ಚಿಸಿದ್ದೇನೆ. ಮೇಲ್ವಿಚಾರಕರಿಂದ ಮೊಹರನ್ನೂ ಹಾಕಿಸಿದ್ದೇನೆ. ಕವಾಟವನ್ನು ತೆರೆಯುವವರು ಯಾರು ಎಂಬ ಸಾಲು. ಆ ಹೆಸರನ್ನು ಬರೆಯುವವನು ನಾನು. ಬೇರೆಯವರು ತೆರೆಯುವುದಾದರೆ ಪೆಟ್ಟಿಗೆ ಹೊರಡುವುದಿಲ್ಲ.

ನಿನ್ನ ಹೆಸರನ್ನು ಬರೆದಿದ್ದೇನೆ. ಹನ್ನೆರಡು ಹಾಳೆಗಳಲ್ಲೂ. ಮಾಸ್ತರು ಪ್ರಬಂಧದಿಂದ ಹೆಸರು ತೆಗೆಯಬಲ್ಲರು, ಇಲ್ಲಿಂದ ತೆಗೆಯಲಾರರು. ಒಪ್ಪಿ ಸಹಿ ಮಾಡಿದ ಕಾಗದ ಇಂದು ಬಂದಿತು. ಅವರ ಅಕ್ಷರ ಬಹಳ ಒತ್ತಿ ಬರೆದಂತಿದೆ, ಹಾಳೆಯ ಹಿಂಬದಿಗೆ ಮೂಡಿದೆ.

ಪೆಟ್ಟಿಗೆಯನ್ನು ತೆಗೆದುಕೊಂಡು ಹೋಗಲು ನೀನೇ ಬಾ. ಎರಡು ದಿನ ಇರುವಂತೆ ಬಾ, ನಿನ್ನ ಅತ್ತಿಗೆಯ ಆಜ್ಞೆ.

ಮುಚ್ಚಳದ ಮೇಲೆ ಎಂದಿನಂತೆ ಬರೆದಿದ್ದೇನೆ. ಅರ್ಧ ಗಂಟೆ. ಹಿಂದೆ ಯಾರು ನಿಂತಿದ್ದರೂ.

ನಿನ್ನ ಅಣ್ಣ